ಮಾವನ ಹೆಸರಿನ ಹಕ್ಕಿ

ಎಂಬುರೊ ಸರೋವರದ ದೋಣಿಯಲ್ಲಿ ನಿಂತು ಬಂದವರಿಗೆ ಹಕ್ಕಿ ತೋರಿಸುವ ಕೊಬುರುಂಗಿಗೆ ಈಗ ತಲೆ ನರೆತಿದೆ. ನೀರಾನೆ ತಲೆಯೆತ್ತಿದರೆ ಹೆಸರು ಹೇಳುತ್ತಾಳೆ, ಮಿಂಚುಳ್ಳಿ ಹಾರಿದರೆ ಹೇಳುತ್ತಾಳೆ. ಬಿಳಿ ತಲೆಯ ಹದ್ದು ಕೂಗಿತೋ, ಬಾಯಿ ಕಟ್ಟಿಹೋಗುತ್ತದೆ. ಆ ಸೀಮೆಯ ಮಾತಿನಲ್ಲಿ ಹದ್ದಿಗೆ ಎಂಪುಂಗು ಎನ್ನುತ್ತಾರೆ. ಅವಳ ಮಾವನ ಹೆಸರೂ ಅದೇ. ಮಾವನ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಆಡುವುದುಂಟೇ?

ಕೆಲಸಕ್ಕೆ ಸೇರಿದ ಹೊಸತರಲ್ಲಿ "ಅಗೋ, ದೊಡ್ಡವರು ಕೂತಿದ್ದಾರೆ ನೋಡಿ" ಎನ್ನುತ್ತಿದ್ದಳು. ಪಾಪ, ಬಂದವರು ದುರ್ಬೀನು ಹಿಡಿದು ದಡದಲ್ಲೆಲ್ಲ ಯಾರೋ ಮುದುಕನನ್ನು ಹುಡುಕುತ್ತಿದ್ದರು.

"ಇಂಗ್ಲಿಷಲ್ಲಾದ್ರೂ ಹೇಳಕ್ಕ," ಎಂದು ದೋಣಿ ನಡೆಸುವ ಕಶೈಜ ರೇಗಿಸುತ್ತಿದ್ದ.

"ಭಾಷೆ ಬದಲಾದ್ರೆ ಮಾವ ಬದಲಾಗ್ತಾರೇನೋ? ಸುಮ್ನೆ ದೋಣಿ ನೋಡ್ಕೊ."

ನಗು ಮೇಲುಮೇಲಿನದು, ಒಳಗೆ ಕೊರಗಿತ್ತು. ಸರೋವರದ ಸುತ್ತ ಅಭಯಾರಣ್ಯವಾದಾಗ ಮಾವನ ಹಟ್ಟಿ ಒಳಗೇ ಉಳಿದು, ಮನೆಯವರು ದನಗಳೊಂದಿಗೆ ಹೊರಬಿದ್ದಿದ್ದರು. ಅದೇ ಅಭಯಾರಣ್ಯದ ಖಾಕಿಯನ್ನು ಸೊಸೆ ತೊಟ್ಟ ದಿನದಿಂದ ಮುದುಕ ಅವಳ ಕೈಯ ಹಾಲು ಮುಟ್ಟಲಿಲ್ಲ. ದನ ಕಾಯುವ ಆ ಜನರಲ್ಲಿ ಒಬ್ಬರ ಕೈಯ ಹಾಲು ಬೇಡವೆಂದರೆ, ನೀನು ನಮ್ಮವಳಲ್ಲ ಎಂದಂತೆಯೇ. ದಿನವೂ ಮರದ ಗಿಂಡಿಗೆ ಪರಿಮಳದ ಹುಲ್ಲಿನ ಹೊಗೆಯಿಟ್ಟು, ಹಾಲು ತುಂಬಿ, ಅವನ ಬಾಗಿಲಲ್ಲಿ ಇಡುತ್ತಿದ್ದಳು. ಸಂಜೆ ಕೆನೆಗಟ್ಟಿ ಹಾಗೇ ಇರುತ್ತಿತ್ತು. ಒಮ್ಮೆ ಬಂದು ನೋಡಿ ಎಂದು ಮಗ ಕರೆದರೆ, ಅವಳಿಗೆ ಕೇಳಿಸುವಂತೆಯೇ "ನನ್ನ ಹಟ್ಟಿಗೆ ನಾನೇ ಟಿಕೆಟ್ ತಗೊಂಡು ಹೋಗ್ಬೇಕಾ?" ಎನ್ನುತ್ತಿದ್ದ.

ಬಾಯಿ ಸುಮ್ಮನಿರದ ಕಶೈಜ, ಸೊಸೆ ಹೆಸರು ಹೇಳದೆ ಒದ್ದಾಡುವ ಕಥೆಯನ್ನು ಹಾಲಿನಂಗಡಿಯಲ್ಲಿ ಎಲ್ಲರೆದುರು ಆಡಿ ತೋರಿಸಿದ. ಅದು ಮುದುಕನ ಕಿವಿಗೂ ಬಿತ್ತು. ಸ್ವಲ್ಪ ದಿನಕ್ಕೆ ಕೋಲೂರಿಕೊಂಡು ಬಂದವನೇ ದೋಣಿ ಹತ್ತಿ ಕೂತುಬಿಟ್ಟ.

ಸೊಸೆ ಮಾವನಿಗೆ ಮುಖ ಕೊಟ್ಟು ನಿಲ್ಲಬಾರದು. ಕೊಬುರುಂಗಿ ಬೆನ್ನು ತಿರುಗಿಸಿ ನಿಂತೇ ಕೊಕ್ಕರೆ, ಮೊಸಳೆ ತೋರಿಸಿದಳು. ಹಳೆಯ ಹಟ್ಟಿಯ ಅತ್ತಿಮರ ಬಂತು. ಹದ್ದು ಕೂಗಿತು.

"ಅದ್ಯಾವ ಹಕ್ಕಿ?" ಎಂದು ಯಾರೋ ಕೇಳಿದರು.

ಹಿಂದಿನಿಂದ ಹಲಗೆಯ ಮೇಲೆ ಕೋಲು ಕುಟ್ಟಿದ ಸದ್ದು.

"ಅದು ಎಂಪುಂಗು. ನನ್ನ ಹೆಸರೂ ಅದೇ. ಆ ಮರದ ಕೆಳಗೇ ನನ್ನ ಹಸುಗಳು ಮಲಗ್ತಿದ್ವು. ನನ್ನ ಸೊಸೆ ಮರ್ಯಾದಸ್ಥೆ, ಹೇಳಲ್ಲ. ಅದಕ್ಕೆ ನಾನೇ ಹೇಳ್ತಿದೀನಿ."

ಅವಳು ತಿರುಗಲಿಲ್ಲ. ತಿರುಗಿದ್ದರೆ ಕಣ್ಣೀರು ಕಂಡುಬಿಡುತ್ತಿತ್ತು. ಅಂದು ಸಂಜೆ ಗಿಂಡಿ ಬರಿದಾಗಿತ್ತು.

ಆಮೇಲೆ ಕಾಲಲ್ಲಿ ಶಕ್ತಿಯಿರುವ ತನಕ ಮುದುಕ ಆಗಾಗ ಬರುತ್ತಿದ್ದ, ಆ ಒಂದು ಹೆಸರು ಹೇಳಲೆಂದೇ. ಎಂಥ ಚೆಂದದ ದಿನಗಳವು! ಅವನು ಹೋಗಿ ಬಹಳ ಕಾಲವಾಯಿತು. ಈಗಲೂ ಅತ್ತಿಮರದ ಬಳಿ ಹದ್ದು ಕೂಗಿದರೆ ಕೊಬುರುಂಗಿ ಬೆನ್ನು ತಿರುಗಿಸಿ ನಿಲ್ಲುತ್ತಾಳೆ, ಕೋಲಿನ ಸದ್ದಿಗೆ ಕಿವಿಗೊಡುತ್ತಾಳೆ. ಕಶೈಜನೂ ಎಂಜಿನ್ ಆರಿಸಿ ಕಾಯುತ್ತಾನೆ. ಕೊನೆಗೆ ಹೆಸರನ್ನು ಕಶೈಜನೇ ಹೇಳಬೇಕಾಗುತ್ತದೆ.