ಹೆಬ್ಬೆರಳೊತ್ತಿದ ಉಂಡಿ

ಮಲಕವ್ವನ ಫೋನಿನ ಮಾತು ನಮ್ಮ ಓಣಿಯಲ್ಲಿ ಯಾರಿಗೂ ಗುಟ್ಟಲ್ಲ. ಇಚಲಕರಂಜಿಯ ಮಗ್ಗಗಳ ಸದ್ದಿನ ನಡುವೆ ವರ್ಷಗಟ್ಟಲೆ ಕಾಂಡಿಗೆ ನೂಲು ಸುತ್ತಿ ಅವಳ ಕಿವಿ ಅರ್ಧ ಹೋಗಿದೆ. ಫೋನ್ ಬಂದರೆ ಸ್ಪೀಕರ್ ಹಾಕುತ್ತಾಳೆ. ಮಾತಾಡುವವರು ಯಡ್ರಾವದ ಆಚೆ ಹೊಲದಲ್ಲಿ ನಿಂತಿದ್ದಾರೇನೋ ಎಂಬಂತೆ ಕೂಗುತ್ತಾಳೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಕದ್ದು ಕೇಳುವ ಕಷ್ಟ ನನಗೆ ಬಂದಿರಲೇ ಇಲ್ಲ.

ಅಥಣಿ ಕಡೆಯವಳು. ಮಗ್ಗದ ಕೆಲಸಕ್ಕೆ ಬಂದ ಗಂಡನ ಹಿಂದೆ ಈ ಊರಿಗೆ ಬಂದಳು. ಮಕ್ಕಳಾಗಲಿಲ್ಲ. ಭಿವಂಡಿಯಲ್ಲಿ ಪಗಾರ ಹೆಚ್ಚೆಂದು ಹೋದ ಗಂಡ ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಆ ಮಹಾನುಭಾವನ ಹೆಸರು ಹೇಳಿ ನನ್ನ ಬಾಯಿ ಕೆಡಿಸಿಕೊಳ್ಳುವುದಿಲ್ಲ. ತಾಯಿ ತೀರಿದ ಮೇಲೆ ತವರಿನವರೂ ಇವಳನ್ನು ಮರೆತರು.

ಕಾಂಡಿ ಕೆಲಸ ಬಿಟ್ಟ ಮೇಲೆ ಮಲಕವ್ವ ಬುಟ್ಟಿ ಕಟ್ಟತೊಡಗಿದಳು. ಬಸುರಿಯರ ಕುಬಸಕ್ಕೆ, ತೊಟ್ಟಿಲಿಗೆ, ದೀಪಾವಳಿಗೆ, ಹೀಗೆ ಜನ ಹೇಳಿ ಮಾಡಿಸುತ್ತಾರೆ. ಬಿದಿರ ಬುಟ್ಟಿಯ ಹಿಡಿಕೆಗೆ ಮಗ್ಗದ ಅಂಚಿನ ಬಣ್ಣದ ಚಿಂದಿ ಸುತ್ತಿ, ಮನೆಯಲ್ಲೇ ಮಾಡಿದ ಚಕ್ಕುಲಿ, ಕರ್ಚಿಕಾಯಿ, ಉಂಡಿ ಜೋಡಿಸಿ, ಮೇಲೆ ಜಿಲೇಟಿನ್ ಪೇಪರ್ ಬಿಗಿದು ರಿಬ್ಬನ್ನಿನ ಹೂ ಕೂರಿಸುತ್ತಾಳೆ. ಕೈ ಬಲು ಚೊಕ್ಕ. ಒಂದು ಉಂಡಿ ಇನ್ನೊಂದಕ್ಕಿಂತ ಎಳ್ಳಷ್ಟೂ ದೊಡ್ಡದಾಗುವುದಿಲ್ಲ. ಯಾರ್ಯಾರದೋ ಮನೆಯ ಹಬ್ಬಕ್ಕೆ ಅವಳ ಬುಟ್ಟಿ ಹೋಗುತ್ತದೆ, ಅವಳನ್ನು ಬಾ ಎಂದು ಕರೆದವರನ್ನು ನಾನಂತೂ ಕಾಣೆ. ಗಿರಾಕಿ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂರುತ್ತಾಳೆ.

ಹೋದ ವರ್ಷ ನಾಗರ ಪಂಚಮಿ ಹತ್ತಿರ ಬಂದಾಗ ಜಯಸಿಂಗಪುರದಿಂದ ಶೀತಲ ಎಂಬ ಹುಡುಗಿ ಬಂದಳು. ತವರು ಗಡಹಿಂಗ್ಲಜ ಹತ್ತಿರದ ಹಳ್ಳಿ. ಮರಾಠಿ ಹುಡುಗ ವಿಕಾಸನನ್ನು ತಾನೇ ಮೆಚ್ಚಿ ಮದುವೆಯಾದಳೆಂದು ತವರಿನವರು ಬಾಗಿಲು ಮುಚ್ಚಿದ್ದರು. ಪಂಚಮಿಗೆ ತವರಿನಿಂದ ಕರೆಯಲು ಬರಬೇಕು, ಆಗದಿದ್ದರೆ ಉಂಡಿಯ ಬುಟ್ಟಿಯಾದರೂ ಬರಬೇಕು. ಓರಗಿತ್ತಿಗೆ ತವರಿನಿಂದ ಬಂದ ಬುಟ್ಟಿಯನ್ನು ಎಲ್ಲರ ಮುಂದೆ ಬಿಚ್ಚುವಾಗ ಈ ಹುಡುಗಿ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಾ ನಿಲ್ಲುತ್ತಿದ್ದಳಂತೆ. ಅತ್ತೆ ಕೆಟ್ಟವಳಲ್ಲ, ಒಂದು ಮಾತೂ ಆಡುತ್ತಿರಲಿಲ್ಲ. ಆಡದೆ ಇರುವುದೇ ಹೆಚ್ಚು ಚುಚ್ಚುತ್ತಿತ್ತು.

"ಕಾಕು, ಅಂಗಡ್ಯಾಗಿನ ಬುಟ್ಟಿ ಅನಸಬಾರದ್ರಿ. ನಮ್ಮವ್ವ ಕಳಿಸಿದಂಗ ಕಾಣಬೇಕು" ಎಂದಳು.

ನಿಮ್ಮವ್ವ ಹೇಗೆ ಕಟ್ಟುತ್ತಿದ್ದಳೆಂದು ಮಲಕವ್ವ ಕೇಳಿದಳು. ಹುಡುಗಿ ಹೇಳಿದಳು: "ನಮ್ಮಕ್ಕನ ಗಂಡನ ಮನಿಗೆ ಕಳಸೂ ಮುಂದ ಒಂದ ರವೆ ಉಂಡಿಗೆ ಹೆಬ್ಬೆರಳ ಒತ್ತತಿದ್ಲು. ಅದಕ್ಕ ತುಪ್ಪ, ಗೋಡಂಬಿ ಜಾಸ್ತಿ. ಎಷ್ಟ ಮಂದಿ ತಿಂದ್ರೂ ಅದೊಂದು ಅಕ್ಕಂದು. ನನಗ ಯಾವತ್ತೂ ಒತ್ತಿಲ್ರಿ."

ಮಲಕವ್ವ ಆ ಬುಟ್ಟಿಗೆ ಪಟ್ಟ ಪಾಡನ್ನು ನಾನು ನೋಡಿದ್ದೇನೆ. ಮೊದಲ ಸಲದ ಉಂಡಿಗಳು ತೀರಾ ಒಂದೇ ಅಳತೆಗೆ ಬಂದವು. "ಇವು ಮಾರೂ ಉಂಡಿ" ಎಂದು ತಾನೇ ಮೂತಿ ತಿರುಗಿಸಿ, ಪುಡಿ ಮಾಡಿ, ಅವಸರದಲ್ಲಿ ಕಟ್ಟಿದಂತೆ ಹೆಚ್ಚು ಕಡಿಮೆ ಮಾಡಿ ಕಟ್ಟಿದಳು. ಜಿಲೇಟಿನ್ ಬೇಡ, ರಿಬ್ಬನ್ ಬೇಡ. ತನ್ನ ತಾಯಿಯ ಹಳೆಯ ಇಳಕಲ್ ಸೀರೆಯ ತುಂಡನ್ನು ಟ್ರಂಕಿನಿಂದ ತೆಗೆದು ಬುಟ್ಟಿಗೆ ಸುತ್ತಿ ಗಂಟು ಹಾಕಿದಳು. ಹೆಬ್ಬೆರಳು ಒತ್ತುವಾಗ ಮಾತ್ರ ಅವಳ ಕೈ ತಡೆಯಿತು. ಆಮೇಲೆ ಒಂದೇ ಸಲಕ್ಕೆ ಒತ್ತಿಬಿಟ್ಟಳು.

ಒಯ್ಯಲು ತವರಿನ ಕಡೆಯವರು ಯಾರಾದರೂ ಬೇಕಲ್ಲ. ಶೀತಲಳ ದೊಡ್ಡವ್ವನೆಂದು ಹೇಳಿಕೊಂಡು ಮಲಕವ್ವನೇ ಜಯಸಿಂಗಪುರದ ಬಸ್ ಹತ್ತಿದಳು. ಈ ವಯಸ್ಸಿನಲ್ಲಿ ನಾಟಕ ಕಲಿತೆಯಲ್ಲೇ ಎಂದು ನಾನು ಕಾಡಿಸಿದೆ. ಕೇಳಿಸಿದರೂ ಕೇಳಿಸದವಳಂತೆ ಹೋದಳು.

ಬಂದವಳ ಮುಖ ನೋಡಬೇಕಿತ್ತು. ಬೀಗತಿ ಚಾಪೆ ಹಾಸಿ ಊಟಕ್ಕೆ ಕೂರಿಸಿದಳಂತೆ. ಬುಟ್ಟಿಯನ್ನು ಬರಿದು ಕಳಿಸಬಾರದೆಂದು ಅಕ್ಕಿ, ತೆಂಗಿನಕಾಯಿ, ಹಸಿರು ಖಣ ತುಂಬಿ ಕೊಟ್ಟಳಂತೆ. ಬಾಗಿಲವರೆಗೆ ಬಂದು ಕೈ ಹಿಡಿದು, "ತುಮಚೀ ಲೇಕ ಸುಖಾತ ಹಾಯ" ಅಂದಳಂತೆ. ನಿಮ್ಮ ಮಗಳು ಸುಖವಾಗಿದ್ದಾಳೆ ಎಂದು. ಅದನ್ನು ಮಲಕವ್ವ ನನಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ನನಗೂ ಸಾಕಾಗಿ ಹೋಗಿತ್ತು, ಆದರೂ ನಿಲ್ಲಿಸು ಅನ್ನಲು ಬಾಯಿ ಬರಲಿಲ್ಲ. ಆ ಖಣದಲ್ಲಿ ರವಿಕೆ ಹೊಲಿಸಿಕೊಂಡಳು. ಮಾತು ಎಲ್ಲಿಂದ ಶುರುವಾದರೂ "ನಮ್ಮ ಶೀತಲ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

ಈ ವರ್ಷ ಯಾರೂ ಹೇಳುವ ಮೊದಲೇ ಬುಟ್ಟಿ ಸಿದ್ಧವಾಯಿತು. ಎಳ್ಳಿನದು, ಶೇಂಗಾದ್ದು, ತಂಬಿಟ್ಟು, ರವೆ ಉಂಡಿ. ಇಳಕಲ್ ಬಟ್ಟೆ ಒಗೆದು ಮಡಿಸಿದ್ದಳು. ಹಸಿರು ರವಿಕೆ ಇಸ್ತ್ರಿಯಾಗಿ ಗೂಟಕ್ಕೆ ತೂಗುತ್ತಿತ್ತು. ಫೋನ್ ಒಂದು ಬರಬೇಕಿತ್ತು, ಅಷ್ಟೇ.

ಫೋನ್ ಬಂತು. ಶೀತಲಳ ದನಿ ಗೋಡೆಯ ಈಚೆಗೂ ಕುಣಿಯುತ್ತಿತ್ತು. "ಕಾಕು, ನಮ್ಮಣ್ಣ ಬಂದಾನ್ರಿ. ಅವ್ವ ಉಂಡಿ ಕಳಿಸ್ಯಾಳ, ನನ್ನ ಕರಕೊಂಡ ಬಾ ಅಂದಾಳಂತ." ಆಮೇಲೆ ದನಿ ಇಳಿಯಿತು. "ಈ ಸರತಿ ಬುಟ್ಟಿ ಬ್ಯಾಡ್ರಿ. ಮತ್ತ... ನೀವು ಇನ್ನ ಈ ಕಡೆ ಬರಬ್ಯಾಡ್ರಿ. ದೊಡ್ಡವ್ವ ಯಾರಂತ ಅಣ್ಣ ಕೇಳಿದ್ರ ನಾ ಏನ ಹೇಳ್ಲಿ?"

ಮಲಕವ್ವನ ಉತ್ತರಕ್ಕೆ ನಾನು ಕಾದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಗೋಡೆಗೆ ಕಿವಿ ಹಚ್ಚಬೇಕಾಯಿತು.

"ಚಲೋ ಆತವಾ. ತವರಮನಿ ಬಾಗಲಾ ತಗೀತಲ್ಲ, ಭಾಳ ಚಲೋ ಆತು" ಎಂದಳು, ಮೆಲ್ಲಗೆ.

ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬಂತು. ಅವಳ ತಪ್ಪೇನೂ ಇಲ್ಲವೆಂದು ಗೊತ್ತಿದ್ದೇ ಬಂತು. ಏನಾದರೂ ಸಮಾಧಾನ ಹೇಳೋಣವೆಂದು ಆ ಕಡೆ ಹೋದೆ. ಮಲಕವ್ವ ಆಗಲೇ ಕೆಲಸಕ್ಕೆ ಕೂತಿದ್ದಳು. ಸಂಜೆಗೆ ಒಂದು ಬುಟ್ಟಿ ಬೇಕೆಂದು ಬೇರೆ ಯಾರೋ ಕೇಳಿದ್ದರಂತೆ, ಇದನ್ನೇ ಕೊಡುತ್ತೇನೆ ಎಂದಳು. ಇಳಕಲ್ ಬಟ್ಟೆಯನ್ನು ಟ್ರಂಕಿಗೆ ಹಾಕಿದಳು. ಹೆಚ್ಚು ಕಡಿಮೆಯಾಗಿದ್ದ ಉಂಡಿಗಳನ್ನು ಒಂದೊಂದಾಗಿ ಒಡೆದು ಮತ್ತೆ ಒಂದೇ ಅಳತೆಗೆ ಕಟ್ಟಿ ಜೋಡಿಸಿದಳು. ಜಿಲೇಟಿನ್ ಪೇಪರ್ ಸುತ್ತಿ ಕೆಂಪು ರಿಬ್ಬನ್ನಿನ ಹೂ ಕೂರಿಸಿದಳು. ಸಮಾಧಾನ ಹೇಳಲು ಹೋದ ನಾನು ರಿಬ್ಬನ್ನಿನ ತುದಿ ಹಿಡಿದುಕೊಟ್ಟೆ.

ಹೆಬ್ಬೆರಳೊತ್ತಿದ ಉಂಡಿಯೊಂದು ತಟ್ಟೆಯಲ್ಲಿ ಹಾಗೇ ಇತ್ತು. ಗಿರಾಕಿಗೆ ಅಂಥದ್ದನ್ನು ಕೊಡುವಂತಿರಲಿಲ್ಲ. ಅದನ್ನೂ ಒಡೆದು ಕಟ್ಟಿದ್ದರೆ ಆಗುತ್ತಿತ್ತು. ಅವಳು ಒಡೆಯಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಕೂತು, ಅದನ್ನು ತಾನೇ ತಿಂದಳು.