ಜಾವಳಿಯಲ್ಲಿ ಉಳಿದಿದ್ದ ಫಾಂಟು

ನನ್ನ ಗಂಡ ಬಣಕಲ್‌ನಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಅರ್ಜಿ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಗಂಟಲಿನ ಆಪರೇಷನ್ ಆಗಿ ಅವರ ಮಾತು ಹೋದ ಮೇಲೆ ಆ ಕಂಪ್ಯೂಟರನ್ನು ಮನೆಗೆ ತರಿಸಿ ಮಂಚದ ಪಕ್ಕ ಇಟ್ಟೆವು. ಹೇಳಬೇಕಾದದ್ದನ್ನು ಅವರು ಟೈಪ್ ಮಾಡುತ್ತಿದ್ದರು, ನಾನು ಓದಿ ಬಾಯಲ್ಲಿ ಉತ್ತರ ಕೊಡುತ್ತಿದ್ದೆ. ಎರಡು ತಿಂಗಳ ಮಾತು ಒಂದೇ ಫೈಲಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ನಾನದನ್ನು ಓದಿರಲಿಲ್ಲ. ಇದೆ ಎಂದು ಗೊತ್ತಿದ್ದರೆ ಸಾಕಾಗಿತ್ತು.

ವರ್ಷ ಕಳೆಯುವಷ್ಟರಲ್ಲಿ ಕಂಪ್ಯೂಟರ್ ಆನ್ ಆಗಲು ಅರ್ಧ ಗಂಟೆ ಹಿಡಿಯತೊಡಗಿತು. ಮೂಡಿಗೆರೆಯಿಂದ ಬಂದ ರಿಪೇರಿಯವರು, ವಿಂಡೋಸ್ ಅಳಿಸಿ ಹೊಸದಾಗಿ ಹಾಕಬೇಕು ಎಂದರು. ಉಳಿದದ್ದು ಹೋದರೂ ಆ ಫೈಲು ಹೋಗಬಾರದು ಎಂದು ಹೇಳಿದೆ. ಅವರು ಎಲ್ಲವನ್ನೂ ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಅದರಿಂದಲೇ ಫೈಲು ತೆರೆದು ತೋರಿಸಿದರು. ಕನ್ನಡ ಅಕ್ಷರ ಕಂಡಿತು. ಓದದೆಯೇ ಸರಿ ಎಂದೆ.

ಹೊಸ ವಿಂಡೋಸ್ ಹಾಕಿ ಮತ್ತೆ ತೆರೆದಾಗ ಕನ್ನಡವಿರಲಿಲ್ಲ. ಇಂಗ್ಲಿಷ್ ಅಕ್ಷರ, ಕಾಮಾ, ನೆತ್ತಿಯ ಮೇಲೆ ಚುಕ್ಕೆ ಇರುವ ಗುರುತುಗಳು, ಪುಟಗಟ್ಟಲೆ.

"ಫೈಲ್ ಎಲ್ಲೂ ಹೋಗಿಲ್ಲ ಅಕ್ಕ. ಅಣ್ಣ ಬಳಸ್ತಿದ್ದ ಫಾಂಟ್ ಹೋಯ್ತು. ಅದನ್ನೂ ಕಾಪಿ ಮಾಡ್ಕೊಬೇಕು ಅಂತ ನಂಗೆ ಹೊಳೀಲೇ ಇಲ್ಲ" ಎಂದರು.

ಅದು ಹಿಂದೆ ಸಿಡಿಯಲ್ಲಿ ಬಂದ ಕನ್ನಡ ಫಾಂಟು. ಅದಿದ್ದರೆ ಮಾತ್ರ ಆ ಗುರುತುಗಳು ಕನ್ನಡವಾಗಿ ಕಾಣುತ್ತಿದ್ದವು. ನಾವು ಪರೀಕ್ಷೆ ಮಾಡಿದ್ದು ಅದೇ ಕಂಪ್ಯೂಟರಿನಲ್ಲಾದ್ದರಿಂದ ಆಗ ಎಲ್ಲ ಸರಿ ಕಂಡಿತ್ತು. ಬೇರೊಂದರಲ್ಲಿ ತೆರೆದು ನೋಡಿದ್ದರೆ ಅಳಿಸುವ ಮೊದಲೇ ಗೊತ್ತಾಗುತ್ತಿತ್ತು. ಇಂಟರ್ನೆಟ್ಟಿನಲ್ಲಿ ಸಿಕ್ಕ ನಾಲ್ಕು ಫಾಂಟು ಹಾಕಿ ನೋಡಿದರು. ಯಾವುದರಲ್ಲೂ ಒತ್ತಕ್ಷರ ಜಾಗಕ್ಕೆ ಕೂರಲಿಲ್ಲ. ಅಂಗಡಿಯ ಸಿಡಿಗಳನ್ನು ನಾನೇ ಹಕ್ಕಿ ಬೆದರಲೆಂದು ಹಿತ್ತಲ ತರಕಾರಿ ಮಡಿಯಲ್ಲಿ ಕಟ್ಟಿದ್ದೆ. ಬಿಚ್ಚಿ ತಂದರೆ ಬೆಳ್ಳಿ ಬಣ್ಣ ಪದರವಾಗಿ ಎದ್ದು ಬಂತು.

ಆಮೇಲೆ ಜಾವಳಿಯ ಮೇಷ್ಟ್ರು ನೆನಪಾದರು. ನಿವೃತ್ತರು. ಅವರ ಮನೆಯ ಕಂಪ್ಯೂಟರಿಗೆ ಕನ್ನಡ ಹಾಕಿಕೊಟ್ಟವರು ನನ್ನ ಗಂಡನೇ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ.

"ಏನೇ ಆದ್ರೂ ಇದನ್ನ ಅಳಿಸ್ಬೇಡಿ ಮಾರಾಯ್ರೆ ಅಂತ ಹೆದ್ರಿಸಿ ಹೋಗಿದ್ರು ನಿಮ್ಮೆಜಮಾನ್ರು. ನಮ್ಮನೆಯವಳಿಗೂ ಮುಟ್ಟೋಕೆ ಬಿಟ್ಟಿಲ್ಲ ನಾನು" ಎಂದರು ಮೇಷ್ಟ್ರು. ಫಾಂಟು ಇತ್ತು. ಇಲ್ಲೇ ಒಮ್ಮೆ ತೆರೆದು ನೋಡಿಬಿಡಿ ಎಂದು ಕುರ್ಚಿ ಬಿಟ್ಟುಕೊಟ್ಟು, ಕಾಫಿಗೆ ಹೇಳಲು ಒಳಗೆ ಹೋದರು.

ತೆರೆದೆ. ಈ ಸಲ ಓದಿದೆ.

ಕಿಟಕಿ ಹಾಕು.
ಊಟ ಮಾಡಿದ್ಯಾ?
ಸುಳ್ಳು.

ಕೊನೆಯ ಎರಡು ಸಾಲಿನ ನಡುವೆ ನಾನು ಬಾಯಲ್ಲಿ ಹೇಳಿದ್ದು ಅಲ್ಲಿರಲಿಲ್ಲ. ಒತ್ತುಗಳೆಲ್ಲ ಸರಿಯಾಗಿ ಕೂತಿದ್ದವು. ಮೇಷ್ಟ್ರು ಕಾಫಿ ತಂದಾಗ, ಫಾಂಟನ್ನು ಫೈಲಿನ ಪಕ್ಕದಲ್ಲೇ ಕಾಪಿ ಮಾಡಿಕೊಡಿ ಎಂದೆ.