ಹಿನ್ನೀರಿನ ಕಡಲಹಕ್ಕಿಗಳು

ಚಳಿಗಾಲ ಬಂತೆಂದರೆ ನನಗೆ ಈಗ ಖುಷಿಗಿಂತ ಸುಸ್ತೇ ಜಾಸ್ತಿ. ಬೆಳಿಗ್ಗೆ ಐದಕ್ಕೆ ಏಳಬೇಕು, ಮಂಡಿಗೆ ಎಣ್ಣೆ ತಿಕ್ಕಬೇಕು, ಮಂಕಿ ಟೋಪಿ ಹಾಕಿಕೊಂಡು ಪಾಂಡವಪುರದ ನಮ್ಮ ಬೀದಿ ಕೊನೆಯಲ್ಲಿ ಆಟೊಗೆ ಕಾಯಬೇಕು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದವಳು; ನನ್ನ ಜೊತೆಯಲ್ಲೇ ನಿವೃತ್ತರಾದ ಟೀಚರುಗಳೆಲ್ಲ ಈ ಹೊತ್ತಿನಲ್ಲಿ ಕಂಬಳಿ ಹೊದ್ದು ಮಲಗಿರುತ್ತಾರೆ. ನಾನು ಕೆ.ಆರ್.ಎಸ್. ಹಿನ್ನೀರಿನ ದಂಡೆಯಲ್ಲಿ ನಿಂತು ಹಕ್ಕಿ ಎಣಿಸುತ್ತಿರುತ್ತೇನೆ. ಯಾರೂ ಮಾಡೆಂದು ಹೇಳಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಬಿಡೋಣವೆಂದರೆ ಬಿಡಲೂ ಆಗುವುದಿಲ್ಲ.

ಆಟೊ ಶ್ರೀರಂಗಪಟ್ಟಣದ ಒಬ್ಬ ಭಾಯಿಯದು. ಮೊದಲು ಬರೀ ಬಾಡಿಗೆಗೆ ಬರುತ್ತಿದ್ದರು. ನನಗಾಗಿ ಕಾದು ಕಾದು ಬೇಜಾರಾಗಿ ಒಂದು ದಿನ ಪಕ್ಕಕ್ಕೆ ಬಂದು ನಿಂತರು; ವಾರ ಕಳೆಯುವುದರಲ್ಲಿ ನೋಟ್‌ಬುಕ್ಕು ಅವರ ಕೈಯಲ್ಲಿತ್ತು. ನಾನು ಬೈನಾಕ್ಯುಲರಿನಿಂದ ಕಣ್ಣು ತೆಗೆಯದೆ ಹೇಳುತ್ತಾ ಹೋಗುವುದು, ಅವರು ಬರೆದುಕೊಳ್ಳುವುದು. ಹೆಜ್ಜಾರ್ಲೆ ಹನ್ನೊಂದು, ನೀರುಕಾಗೆ ಅರವತ್ತು. ಅವರ ಅಕ್ಷರ ನನ್ನದಕ್ಕಿಂತ ದುಂಡಗಿದೆ, ಅದಕ್ಕೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ನಮ್ಮ ಹಿನ್ನೀರಿನ ಹೆಮ್ಮೆಯೆಂದರೆ ಕಡಲಹಕ್ಕಿಗಳು. ಕಡಲೆಲ್ಲಿ, ನಮ್ಮ ಕಬ್ಬಿನ ಗದ್ದೆಯೆಲ್ಲಿ! ಆದರೂ ಕೆಲವು ಚಳಿಗಾಲ ಒಂದಷ್ಟು ಬಿಳಿ ಹಕ್ಕಿಗಳು ನೆಲದ ಮೇಲೆ ಅಷ್ಟು ದೂರ ದಾಟಿ ಇಲ್ಲಿಗೆ ಬಂದು ನೀರಿನ ಮೇಲೆ ಕೂರುತ್ತವೆ. ಮೊದಲೆಲ್ಲ ಬೆರಳಿನಲ್ಲಿ ಎಣಿಸಿಬಿಡುವಷ್ಟು ಬರುತ್ತಿದ್ದವು. ಈಚಿನ ವರ್ಷಗಳಲ್ಲಿ ಇದ್ದಕ್ಕಿದ್ದಂತೆ ಮೂವತ್ತು, ನಲವತ್ತು ಕಾಣತೊಡಗಿದವು. ಕೆ.ಆರ್. ಪೇಟೆ ಕಡೆಯ ದಂಡೆಯಿಂದ ನೋಡಿದರೆ ನೀರಿನ ನಡುವೆ ಬೆಳ್ಳಗೆ, ಸಾಲಾಗಿ, ಶಿಸ್ತಿನಿಂದ ಕೂತಿರುತ್ತಿದ್ದವು. ಆಚೆ ದಂಡೆಯ ಹಕ್ಕಿ ಎಣಿಸಿ ಒಂಬತ್ತು ಗಂಟೆಗೆ ಮರಳಿದರೆ ಮಾಯ. ನಾನು ಸುಮ್ಮನಿರುವ ಪೈಕಿಯೇ? ಇವು ರಾತ್ರಿ ಇಲ್ಲಿ ತಂಗಿ, ಬಿಸಿಲೇರಿದ ಮೇಲೆ ಅಣೆಕಟ್ಟೆ ದಾಟಿ ನದಿಗುಂಟ ಕೆಳಗೆ ಮೇಯಲು ಹೋಗುತ್ತವೆ ಎಂದು ಸಿದ್ಧಾಂತವನ್ನೇ ಕಟ್ಟಿದೆ. ಹಾಗೆ ಹೋಗುವುದನ್ನು ನೋಡಲೆಂದು ಒಂದು ಮಧ್ಯಾಹ್ನ ಈ ಮಂಡಿ ಇಟ್ಟುಕೊಂಡು ಭಾಯಿಯ ಜೊತೆ ಕರಿಘಟ್ಟ ಹತ್ತಿದೆ. ಒಂದೂ ಕಾಣಲಿಲ್ಲ. ‘ಇನ್ನೂ ಕೆಳಗೆ ಹೋಗಿರಬೇಕು’ ಎಂದು ಬರೆಸಿದೆ. ಸಂಕ್ರಾಂತಿಯ ಬೆಳಿಗ್ಗೆ ಹಿನ್ನೀರಿನಲ್ಲೂ ಒಂದೂ ಇರಲಿಲ್ಲ. ಹಬ್ಬದ ದಿನ ದನ ತೊಳೆಯಲು ಜನ ನೀರಿಗಿಳಿದಿದ್ದರಲ್ಲ, ಹೆದರಿವೆ ಎಂದು ಬರೆಸಿದೆ.

ಇದನ್ನೆಲ್ಲ ಮೈಸೂರಿನ ಹಕ್ಕಿ ನೋಡುವವರ ಗುಂಪಿಗೆ ಕಳಿಸಿಯೂ ಕಳಿಸಿದೆ. ಆ ಗುಂಪು ನಡೆಸುವ ಹುಡುಗಿ ಕುಣಿದಾಡಿಬಿಟ್ಟಳು. ಭಾನುವಾರ ಇಪ್ಪತ್ತು ಜನ ಕ್ಯಾಮೆರಾ ಹೊತ್ತು ಬರುತ್ತೇವೆ, ನೀವೇ ತೋರಿಸಬೇಕು ಮೇಡಂ ಎಂದಳು. ಎಷ್ಟೋ ವರ್ಷದ ಮೇಲೆ ನನ್ನನ್ನು ಯಾರೋ ಏನೋ ಕೇಳಿದ್ದರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹಿಂದಿನ ದಿನ, ಶನಿವಾರ, ಎಲ್ಲ ಸರಿಯಿದೆಯೇ ಎಂದು ನೋಡಿ ಬರಲು ಹೋದೆವು. ಮಂಜು ಸರಿಯುವುದು ತಡವಾಯಿತು. ನಲವತ್ತಮೂರು ಎಂದು ಎಣಿಸಿ ಬರೆಸಿದೆ. ಅಷ್ಟರಲ್ಲಿ ಮೀನು ಹಿಡಿಯುವವನೊಬ್ಬ ತೆಪ್ಪಕ್ಕೆ ಹುಟ್ಟು ಹಾಕಿಕೊಂಡು ಆ ಸಾಲಿನ ಕಡೆಗೇ ಹೊರಟ. ಅಯ್ಯೋ, ಎಬ್ಬಿಸಿಬಿಡುತ್ತಾನಲ್ಲ ಎಂದು ನನಗೆ ಸಿಟ್ಟು ಬಂತು. ಎಬ್ಬಿಸಲಿಲ್ಲ. ತೆಪ್ಪ ಸಾಲಿನ ತುದಿಗೆ ಹೋಯಿತು. ಒಂದು ಹಕ್ಕಿ ತೆಪ್ಪದೊಳಕ್ಕೆ ಹೋಯಿತು. ಆಮೇಲೆ ಇನ್ನೊಂದು. ಅವನು ನಿಧಾನವಾಗಿ ಬಲೆ ಎಳೆದುಕೊಳ್ಳುತ್ತಾ ಬಂದ. ನನ್ನ ಕಡಲಹಕ್ಕಿಗಳು ರೆಕ್ಕೆ ಬಿಚ್ಚದೆ ಒಂದರ ಹಿಂದೊಂದು ಅವನ ಕಾಲ ಬುಡದಲ್ಲಿ ಹೋಗಿ ಬಿದ್ದವು.

ಬಲೆ ತೇಲಲೆಂದು ಅದರ ಹಗ್ಗಕ್ಕೆ ಕಟ್ಟಿದ ಥರ್ಮಾಕೋಲ್ ತುಂಡುಗಳು. ಸಂಜೆ ಬಿಟ್ಟು ಹೋಗುತ್ತಾರೆ, ಬೆಳಿಗ್ಗೆ ಒಂಬತ್ತರೊಳಗೆ ಎತ್ತಿಕೊಳ್ಳುತ್ತಾರೆ. ಹಬ್ಬಕ್ಕೆ ರಜ.

ಬೈನಾಕ್ಯುಲರ್ ಇಳಿಸಿ ಭಾಯಿಯ ಕಡೆ ತಿರುಗಿದೆ. ಅವರು ನೋಟ್‌ಬುಕ್ಕನ್ನೇ ನೋಡುತ್ತಿದ್ದರು.

“ನಿಮಗೆ ಗೊತ್ತಿತ್ತಾ?” ಎಂದೆ.

“ಮೊದುಲ್ನೇ ದಿನಾನೇ ಏಳ್ದೆ ಮೇಡಮ್ಮೋರೆ, ಅದು ಬಲೆ ಅಲ್ವಾ ಅಂತ. ನೋಡೋದು ನನ್ ಕೆಲ್ಸ, ಬರಿಯೋದು ನಿಮ್ ಕೆಲ್ಸ ಅಂದ್ಬುಟ್ರಿ. ಆಮೇಲಿಂದ ಬರ್ದೆ.”

“ಕರಿಘಟ್ಟ ಹತ್ತಿಸಿದಾಗಲಾದರೂ ಹೇಳಬಾರದಿತ್ತೇನ್ರಿ?”

“ಏಳ್ಬೇಕು ಅಂತ್ಲೇ ಅತ್ತಿದ್ದೆ, ಕಸಂ. ಮೇಲ್ ನಿಂತ್ಕಂಡು ಅಂಗೆ ಖುಸಿಯಾಗಿ ಒಳೆ ತೋರಿಸ್ತಿದ್ರಿ. ನಂಗೆ ಬಾಯೇ ಬರ್ನಿಲ್ಲ.” ನೋಟ್‌ಬುಕ್ಕು ಮುಚ್ಚಿ, “ಬೇಜಾರ್ ಮಾಡ್ಕಬ್ಯಾಡಿ. ಕಣ್ ತೋರ್ಸಿ ಒಂದ್ಸಲ” ಎಂದರು.

ಕಣ್ಣು ತೋರಿಸಿ ಆಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿ ಎಷ್ಟೋ ದಿನವಾಗಿತ್ತು. ಈ ಚಳಿಗಾಲದ ಎಣಿಕೆಯೊಂದು ಮುಗಿಯಲಿ ಎಂದು ನಾನೇ ಮುಂದಕ್ಕೆ ಹಾಕಿಕೊಂಡು ಬಂದಿದ್ದೆ, ಯಾರಿಗೂ ಹೇಳಿರಲಿಲ್ಲ. ಭಾಯಿಯ ಮೇಲೆ ರೇಗಬೇಕೆನಿಸಿತು. ಆದರೆ ಅವರ ಬಾಯಿ ಮುಚ್ಚಿಸಿದ್ದು ನನ್ನ ನಾಲಿಗೆಯೇ. ಮೂವತ್ತು ವರ್ಷ ಮಕ್ಕಳ ಬಾಯಿ ಮುಚ್ಚಿಸಿದ ನಾಲಿಗೆ, ರಿಟೈರಾದರೂ ಬುದ್ಧಿ ಬಿಟ್ಟಿರಲಿಲ್ಲ. ವಾಪಸ್ಸು ಬರುವಾಗ ಕಬ್ಬಿನ ಟ್ರಾಕ್ಟರುಗಳ ಹಿಂದೆ ಆಟೊ ಸಿಕ್ಕಿಕೊಂಡು ತಾಸುಗಟ್ಟಲೆ ತೆವಳಿತು.

ಮನೆಗೆ ಬಂದು ಕಾಫಿ ಕೂಡ ಕುಡಿಯದೆ ಹುಡುಗಿಗೆ ಫೋನ್ ಮಾಡಿದೆ. ತಡ ಮಾಡಿದರೆ ಏನಾದರೂ ನೆಪ ಹುಡುಕುತ್ತೇನೆಂದು ನನಗೆ ಗೊತ್ತಿತ್ತು. ನಾಳೆ ಬರಬೇಡಿ, ಅವು ಹಕ್ಕಿಗಳಲ್ಲ, ಬಲೆಗೆ ಕಟ್ಟುವ ಥರ್ಮಾಕೋಲು ಎಂದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ನಕ್ಕಿದ್ದರೆ ನಾನೂ ನಗಬಹುದಿತ್ತು.

“ಹೋದ ವರ್ಷದ್ದು, ಮೇಡಂ?” ಎಂದಳು ಮೆಲ್ಲಗೆ.

“ಅದೂ ಅದೇ.”

“ಅದರ ಹಿಂದಿನದು?”

ಅವಳಿಗೇ ಪಾಪ ಅನ್ನಿಸಿರಬೇಕು. “ಪರವಾಗಿಲ್ಲ ಮೇಡಂ, ಅವು ಹಾರಿದ್ದನ್ನು ನೀವು ಕೊನೆಯ ಸಲ ನೋಡಿದ್ದು ಯಾವ ವರ್ಷ ಹೇಳಿ. ಅಲ್ಲೀವರೆಗಿನದನ್ನ ನಾವು ಹಾಗೇ ಇಟ್ಕೋತೀವಿ” ಎಂದಳು.

ಕಣ್ಣು ಮುಚ್ಚಿದೆ. ಕಂಡಿತು, ಚೆನ್ನಾಗಿಯೇ ಕಂಡಿತು. ಬೂದು ಬೆನ್ನು, ಅಗಲ ಬಿಚ್ಚಿದ ರೆಕ್ಕೆ, ರೆಕ್ಕೆಯ ತುದಿಯಲ್ಲಿ ಕಪ್ಪು, ಕಪ್ಪಿನೊಳಗೆ ಬಿಳಿ ಚುಕ್ಕೆ. ಎಷ್ಟು ಸ್ಪಷ್ಟವಾಗಿತ್ತೆಂದರೆ, ಅದು ಹಿನ್ನೀರಿನ ಮೇಲೆ ಕಂಡದ್ದೋ, ಮನೆಯಲ್ಲಿರುವ ಹಕ್ಕಿ ಪುಸ್ತಕದ ಚಿತ್ರವೋ ಎಂದು ನನಗೇ ಹೇಳಲಾಗಲಿಲ್ಲ.

“ಯಾವುದನ್ನೂ ಇಟ್ಕೋಬೇಡ ಕಣಮ್ಮ” ಎಂದೆ.